ಬೋಳುಬೆಟ್ಟವೆಂಬ ಸುಳ್ಳು

ಜೂನ್ ಬಂತೆಂದರೆ ಮೈಸೂರಿನ ಚಾಮುಂಡಿ ಬೆಟ್ಟದ ಪಾದದಲ್ಲಿ ಸಣ್ಣದೊಂದು ಜಾತ್ರೆ ನೆರೆಯುತ್ತದೆ. ಒಂದೇ ಬಣ್ಣದ ಟೀ ಶರ್ಟು ತೊಟ್ಟವರು ಬಸ್ಸುಗಳಿಂದ ಇಳಿಯುತ್ತಾರೆ. ಪುಟ್ಟಿಗಳಲ್ಲಿ ಬೀಜದುಂಡೆ, ಟ್ರ್ಯಾಕ್ಟರಿನಲ್ಲಿ ಪ್ಲಾಸ್ಟಿಕ್ ಚೀಲದ ಸಸಿ, ಎರಡು ಕಂಬಕ್ಕೆ ಕಟ್ಟಿದ ಬ್ಯಾನರು. ಹೊಸ ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ ಗಣ್ಯರ ಕೈಗೆ ಕೊಡುತ್ತಾರೆ. ಮಕ್ಕಳು ಉಂಡೆಗಳನ್ನು ಬಂಡೆಯ ಕಡೆಗೆ ಬೀಸಿ ಎಸೆಯುತ್ತಾರೆ. ಅವು ಬಂಡೆಗೆ ಬಡಿದು ಒಡೆಯುತ್ತವೆ. ಹನ್ನೊಂದು ಗಂಟೆಯ ಹೊತ್ತಿಗೆ ಉಂಡೆಯೂ ಖಾಲಿ, ಉಪ್ಪಿಟ್ಟೂ ಖಾಲಿ. ಮರುದಿನ ಪತ್ರಿಕೆಯಲ್ಲಿ ಇಷ್ಟು ಸಾವಿರ ಗಿಡ ಎಂಬ ಲೆಕ್ಕ ಬರುತ್ತದೆ. ಮುಂದಿನ ಮಾರ್ಚಿನ ಬಿಸಿಲಿನಲ್ಲಿ ಆ ಸಾವಿರದೊಳಗೆ ಎಷ್ಟು ಉಳಿದವು ಎಂಬ ಲೆಕ್ಕ ಬಂದದ್ದನ್ನು ನಾನಂತೂ ಓದಿಲ್ಲ.

ಈ ಜಾತ್ರೆಯ ಬೆನ್ನಿಗೆ ಒಂದು ನಂಬಿಕೆ ನಿಂತಿದೆ. ಬೆಟ್ಟ ಬೋಳಾಗಿದೆ, ಬೋಳಾದ ಕಡೆಯೆಲ್ಲ ಗಿಡ ನೆಡಬೇಕು, ಹಸಿರು ಹೆಚ್ಚಿದಷ್ಟೂ ಬೆಟ್ಟ ಉಳಿದಂತೆ: ಇಷ್ಟೇ ಅದರ ಸಾರ. ಪರಿಸರದ ಗೊಡವೆಯೇ ಇಲ್ಲದವರು ಇದನ್ನು ಹೇಳಿದ್ದರೆ ಕೇಳಿಸಿಕೊಂಡು ಸುಮ್ಮನಿರಬಹುದಿತ್ತು. ಆದರೆ ಹೇಳುತ್ತಿರುವವರು ಬೆಟ್ಟದ ನಿಜವಾದ ಗೆಳೆಯರು. 2022ರ ಬಜೆಟ್‌ನಲ್ಲಿ ಬೆಟ್ಟಕ್ಕೆ ರೋಪ್‌ವೇ ಘೋಷಣೆಯಾದಾಗ ದನಿಯೆತ್ತಿ, ಅದೇ ವರ್ಷ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದ ಊರು ಇದು. ಕಾಂಕ್ರೀಟು ಬೇಡ ಎಂದು ಅಂದು ಕೂಗಿದ ಕಂಠಗಳೇ ಇಂದು ಗಿಡ ನೆಡೋಣ ಎನ್ನುತ್ತಿವೆ. ಹಾಗಾಗಿ ಇದು ಶತ್ರುಗಳೊಡನೆ ಮಾಡುವ ಜಗಳವಲ್ಲ, ಮನೆಯೊಳಗಿನ ಜಗಳ. ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾಗಿದೆ.

ನಮ್ಮ ಹಿರಿಯರು ವಾದಕ್ಕೆ ಕೂತಾಗ ಮೊದಲು ಎದುರಾಳಿಯ ಮಾತನ್ನು ಎದುರಾಳಿಗಿಂತ ಚೆನ್ನಾಗಿ ಹೇಳುತ್ತಿದ್ದರು. ಪೂರ್ವಪಕ್ಷವನ್ನು ನಾನೂ ಹಾಗೇ ಇಡುತ್ತೇನೆ. ಒಂದು, ಮರದ ಬೇರು ಮಣ್ಣನ್ನು ಹಿಡಿಯುತ್ತದೆ, ಬೆಟ್ಟ ಕುಸಿಯದಂತೆ ಕಾಯುತ್ತದೆ. ಎರಡು, ಮರ ನೆರಳು ಕೊಡುತ್ತದೆ, ತಂಪು ತರುತ್ತದೆ, ಅಂತರ್ಜಲ ಹೆಚ್ಚಿಸುತ್ತದೆ. ಮೂರು, ಹಳೆಯ ಛಾಯಾಚಿತ್ರಗಳಲ್ಲಿ ಬೆಟ್ಟ ಬರೀ ಬಂಡೆಯಾಗಿ ಕಾಣುತ್ತದೆ, ಇಂದು ಹಸಿರಾಗಿದೆ. ನೆಟ್ಟದ್ದರಿಂದಲೇ ತಾನೆ ಹಸಿರಾದದ್ದು? ಈ ಮೂರರಲ್ಲೂ ಒಂದೊಂದು ಚೂರು ಸತ್ಯವಿದೆ. ಚೂರು ಸತ್ಯವನ್ನು ಇಡೀ ಬೆಟ್ಟಕ್ಕೆ ಹೊದಿಸಿದ್ದರಲ್ಲಿ ತಪ್ಪಿದೆ.

ಮೊದಲು ಬೆಟ್ಟವನ್ನು ನೋಡೋಣ. ಊರಿನ ನೆಲಕ್ಕಿಂತ ಸುಮಾರು 300 ಮೀಟರ್ ಮೇಲಕ್ಕೆ ಎದ್ದು ನಿಂತಿರುವ ಒಂಟಿ ಗುಡ್ಡ ಇದು. ಸುತ್ತಲಿನ ಸುಮಾರು 1,500 ಎಕರೆ ಮೀಸಲು ಅರಣ್ಯ. ಒಳಗಿರುವುದು ಗ್ರಾನೈಟು; ಅದರ ವಯಸ್ಸು ಸುಮಾರು 80 ಕೋಟಿ ವರ್ಷವೆಂದು ಭೂವಿಜ್ಞಾನಿಗಳ ಅಂದಾಜು. ಈ ಕಲ್ಲು ಸವೆದು ಮಣ್ಣಾಗಲು ಯುಗಗಳೇ ಬೇಕು. ಆದ ಮಣ್ಣೂ ಇಳಿಜಾರಿನಲ್ಲಿ ನಿಲ್ಲದೆ ಕೆಳಗೆ ಹರಿದುಹೋಗುತ್ತದೆ. ಮೈಸೂರಿಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 800 ಮಿಲಿಮೀಟರ್ ಆಸುಪಾಸು. ಅದರಲ್ಲೂ ಮೇ ತಿಂಗಳ ಗುಡುಗು ಮಳೆ ಒಂದು ಪಾಲು, ಸೆಪ್ಟೆಂಬರ್–ಅಕ್ಟೋಬರಿನ ಮಳೆ ಇನ್ನೊಂದು ದೊಡ್ಡ ಪಾಲು. ಡಿಸೆಂಬರಿನಿಂದ ಮಾರ್ಚಿನವರೆಗೆ ಆಕಾಶ ಹೆಚ್ಚುಕಡಿಮೆ ಬರಿದು. ತೆಳುಮಣ್ಣು, ಕಾದ ಕಲ್ಲು, ನಾಲ್ಕು ತಿಂಗಳ ಬಾಯಾರಿಕೆ, ಇವು ಮೂರೂ ಕೂಡಿದ ಕಡೆ ಮಲೆನಾಡಿನ ಕಾಡು ಬೆಳೆಯುವುದಿಲ್ಲ. ಬೆಳೆಯುವುದು ಕುರುಚಲು ಕಾಡು. ಅದು ಕಾಡಿನ ಪಳೆಯುಳಿಕೆಯಲ್ಲ, ಸೋತ ಕಾಡಲ್ಲ. ಈ ಕಲ್ಲಿಗೂ ಈ ಮಳೆಗೂ ಹೊಂದಿಕೊಂಡ ಪೂರ್ಣ ಕಾಡು.

ಯಾವ ಗಿಡ ಎಲ್ಲಿ ನಿಂತಿದೆ ಎಂಬುದನ್ನು ನೋಡುತ್ತ ಹೋದರೆ ಈ ಮಾತು ತಾನಾಗಿ ಸ್ಪಷ್ಟವಾಗುತ್ತದೆ. ಬಂಡೆಯ ಬೋಳು ಮೈಮೇಲೆ ಮಣ್ಣು ಬೆರಳಿನ ದಪ್ಪವೂ ಇರುವುದಿಲ್ಲ. ಅಲ್ಲಿ ಪಾಚಿ, ಕಲ್ಲುಹೂವು, ಗಿಡ್ಡ ಹುಲ್ಲು. ನಮ್ಮ ಬಂಡೆಬೆಟ್ಟಗಳಲ್ಲಿ ಬೇಸಗೆಯಲ್ಲಿ ಸುಟ್ಟ ಕಾಗದದಂತೆ ಮುದುಡಿ, ಮೊದಲ ಮಳೆಗೆ ಮತ್ತೆ ಹಸಿರಾಗುವ ಸಸ್ಯಗಳಿವೆ. ಮಾರ್ಚಿನಲ್ಲಿ ನೋಡಿದವನಿಗೆ ಅದು ಸತ್ತ ಬಂಡೆ, ಅಕ್ಟೋಬರಿನಲ್ಲಿ ನೋಡಿದವನಿಗೆ ಹೂದೋಟ. ಬಂಡೆಯ ಸೀಳಿನಲ್ಲಿ ಕಲ್ಲರಳಿ ಬೇರಿಳಿಸುತ್ತದೆ. ಅದಕ್ಕೆ ಗುಂಡಿ ತೋಡಿದವರು ಯಾರೂ ಇಲ್ಲ, ಹಣ್ಣು ತಿಂದ ಹಕ್ಕಿಯೇ ನೆಟ್ಟದ್ದು. ಗೇಣುದ್ದ ಮಣ್ಣಿದ್ದ ಕಡೆ ತಂಗಡಿ, ಬಂದರಿಕೆ, ಕಾರೆ, ಕವಳೆ. ಅವುಗಳ ಮೈಮೇಲೆ ಮಾಂಗರವಳ್ಳಿ. ಮಣ್ಣು ಇನ್ನಷ್ಟು ದಪ್ಪವಾದಲ್ಲಿ ಚುಜ್ಜಲು, ಕಗ್ಗಲಿ, ಕಕ್ಕೆ. ಮಳೆನೀರು ಹರಿದು ಮಣ್ಣು ಕೂಡಿದ ಕೊರಕಲುಗಳಲ್ಲಿ ಮಾತ್ರ ದಿಂಡಿಗದಂಥ ಎತ್ತರದ ಮರ. ಬಿಸಿಲು ಹೆಚ್ಚು ಬೀಳುವ ಮಗ್ಗುಲಿಗೂ ಕಡಿಮೆ ಬೀಳುವ ಮಗ್ಗುಲಿಗೂ ಗಿಡ ಬೇರೆ, ಎತ್ತರ ಬೇರೆ, ಎಲೆ ಉದುರಿಸುವ ತಿಂಗಳೂ ಬೇರೆ.

ಇದು ಯಾರೋ ಬೇಕಾಬಿಟ್ಟಿ ಚೆಲ್ಲಿದ್ದಲ್ಲ. ಮಣ್ಣಿನ ಆಳ, ನೀರಿನ ದಾರಿ, ಬಿಸಿಲಿನ ಕೋನ, ಬೀಜ ಒಯ್ಯುವ ಹಕ್ಕಿ ಮತ್ತು ಗಾಳಿ, ಮೇಯುವ ಬಾಯಿ, ಆಗಾಗ ಬೀಳುವ ಬೆಂಕಿ, ಇವೆಲ್ಲ ಕೂಡಿ ಬರೆದ ಹಂಚಿಕೆ. ಈ ಹಂಚಿಕೆಯೇ ಬೆಟ್ಟದ ಕಾಡು. ಗಿಡಗಳ ಒಟ್ಟು ಸಂಖ್ಯೆಯನ್ನು ಕಾಡು ಎನ್ನುವುದು, ಅಂಗಡಿಯ ಸಾಮಾನಿನ ಪಟ್ಟಿಯನ್ನು ಅಡುಗೆ ಎಂದಂತೆ.

ಹಾಗಾದರೆ ಬಂಡೆಯ ಬೋಳು ಜಾಗ ಖಾಲಿಯೇ? ಮಳೆ ಬಂದ ದಿನ ಹೋಗಿ ನೋಡಿ. ಬೋಳು ಬಂಡೆಯ ಮೇಲೆ ಬಿದ್ದ ನೀರು ಒಂದು ಹನಿಯೂ ನಿಲ್ಲದೆ ಅಂಚಿಗೆ ಹರಿಯುತ್ತದೆ. ಆ ನೀರು ಕುಡಿದೇ ಕೊರಕಲಿನ ಮರಗಳು ಎತ್ತರವಾಗಿರುವುದು. 800 ಮಿಲಿಮೀಟರ್ ಮಳೆಯ ಊರಿನಲ್ಲಿ, ಮೇಲಿನ ಬಂಡೆಯ ಪಾಲನ್ನೂ ಕುಡಿಯುವ ಕೊರಕಲು ಅದಕ್ಕಿಂತ ಹೆಚ್ಚಿನ ಮಳೆಯ ಊರಿನಂತೆ ಬದುಕುತ್ತದೆ. ಇನ್ನೂ ಕೆಳಗಿಳಿದ ನೀರು ತಪ್ಪಲಿನ ಕೆರೆಗಳಿಗೆ. ಕಾರಂಜಿ ಕೆರೆಯ ದಂಡೆಯಲ್ಲಿ ನಿಂತು ಬೆಟ್ಟದ ನೆರಳನ್ನು ನೀರಿನಲ್ಲಿ ನೋಡಿ ಖುಷಿಪಡುವವರು, ನೆರಳಿನ ಜೊತೆಗೆ ನೀರೂ ಅಲ್ಲಿಂದ ಇಳಿಯುತ್ತದೆಂಬುದನ್ನು ನೆನೆಯಬೇಕು. ಬೋಳೂ ಹಸಿರೂ ಒಂದೇ ಖಾತೆಯ ಜಮಾ ಮತ್ತು ಖರ್ಚು. ಜಮಾ ಪುಟವನ್ನು ಹರಿದು ಹಾಕಿ ಖರ್ಚಿನ ಪುಟವನ್ನು ಹಿಗ್ಗಿಸುತ್ತೇವೆ ಎಂದರೆ ಏನು ಹೇಳೋಣ?

ಇಷ್ಟಕ್ಕೂ ಆ ಬೋಳು ಬಂಡೆಯನ್ನು ಮೈಸೂರಿಗರು ಪೂಜಿಸುತ್ತಲೇ ಬಂದಿದ್ದಾರೆ. ಮೆಟ್ಟಿಲ ದಾರಿಯ ನಂದಿ ಬೆಟ್ಟದ ಕಲ್ಲಿನಲ್ಲೇ ಕಡೆದ ಏಕಶಿಲೆ; ದೊಡ್ಡ ದೇವರಾಜ ಒಡೆಯರ ಕಾಲದ್ದು, 1664ರದೆಂದು ಹೇಳುತ್ತಾರೆ. ಸಾವಿರ ಮೆಟ್ಟಿಲು ಕಟ್ಟಿಸಿದ ಕೀರ್ತಿಯೂ ಆ ದೊರೆಗೇ. ದಸರೆಯ ಕೊನೆಗೆ ಜಂಬೂಸವಾರಿ ಸಾಗುವುದು ಬನ್ನಿಮಂಟಪಕ್ಕೆ. ಬನ್ನಿ ಎಂದರೆ ಒಣನೆಲದ ಮುಳ್ಳಿನ ಮರ. ಬಂಡೆಗೆ ಎಣ್ಣೆ ಹಚ್ಚಿ, ಮುಳ್ಳಿನ ಮರಕ್ಕೆ ಆರತಿ ಎತ್ತುವ ಜನ ನಾವು. ಅದೇ ಬಂಡೆ, ಅದೇ ಮುಳ್ಳು ಬೆಟ್ಟದ ಇಳಿಜಾರಿನಲ್ಲಿ ಕಂಡರೆ ಮಾತ್ರ ಪಾಳು ಎನ್ನುತ್ತೇವೆ.

ಪಾಳು ಎಂಬ ಮಾತು ಎಲ್ಲಿಂದ ಬಂತು? ಕಂದಾಯ ಬಾರದ ನೆಲವೆಲ್ಲ ಪಾಳು ಎಂದು ಬರೆದಿಟ್ಟ ಹಳೆಯ ಆಡಳಿತದಿಂದ ಬಂದದ್ದು, ಇಂದಿಗೂ ನಮ್ಮ ಕಡತಗಳಲ್ಲಿ ಕೂತಿದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ಶೇಕಡ 10ರಷ್ಟು ಮರದ ಮೇಲಾವರಣವಿದ್ದರೆ ಅದು ಅರಣ್ಯ ಹೊದಿಕೆ. ಮರ ಯಾವುದು, ನೆಲ ಯಾರದು ಎಂಬ ಪ್ರಶ್ನೆಯೇ ಇಲ್ಲ. ಹೀಗಾಗಿ ತೆಂಗಿನ ತೋಟವೂ ನೀಲಗಿರಿ ತೋಪೂ ಅರಣ್ಯ ಹೊದಿಕೆ. ಶೇಕಡ 10ಕ್ಕಿಂತ ಕಡಿಮೆಯಿದ್ದರೆ ಅದು ಕುರುಚಲು, ಅರಣ್ಯ ಹೊದಿಕೆಯ ಲೆಕ್ಕದಿಂದ ಹೊರಗೆ. ಕಾರೆ, ಕವಳೆ, ತಂಗಡಿ ತುಂಬಿದ ಇಳಿಜಾರು ಲೆಕ್ಕಕ್ಕಿಲ್ಲ, ಸಾಲಾಗಿ ನೆಟ್ಟ ವಿದೇಶಿ ಮರ ಲೆಕ್ಕಕ್ಕುಂಟು. ಅಳತೆಗೋಲೇ ಹೀಗಿದ್ದಾಗ, ಅದನ್ನು ನೋಡಿ ಕೆಲಸ ಮಾಡುವ ಅಧಿಕಾರಿ ಗಿಡ ನೆಡದೆ ಇನ್ನೇನು ಮಾಡಿಯಾನು?

ಈ ಕುರುಡನ್ನು ಎತ್ತಿ ತೋರಿಸಿದವರಲ್ಲಿ ಮೈಸೂರಿನವರೇ ಇದ್ದಾರೆ. 1996ರಲ್ಲಿ ಈ ಊರಿನಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸ್ಥಾಪಕರಲ್ಲೊಬ್ಬರಾದ ಎಂ. ಡಿ. ಮಧುಸೂದನ್, ಪರಿಸರ ವಿಜ್ಞಾನಿ ಅಬಿ ತಮೀಮ್ ವನಕ್ ಜೊತೆಗೂಡಿ 2022ರಲ್ಲಿ ಭಾರತದ ಅರೆಶುಷ್ಕ ಬಯಲು ಪರಿಸರಗಳ ನಕ್ಷೆಯನ್ನು ಪ್ರಕಟಿಸಿದರು. ಹುಲ್ಲುಗಾವಲು, ಕುರುಚಲು, ಬಂಡೆನೆಲ ಎಲ್ಲ ಸೇರಿ ದೇಶದ ನೆಲದ ಸುಮಾರು ಹತ್ತನೇ ಒಂದು ಪಾಲು. ಅದರಲ್ಲಿ ಸಂರಕ್ಷಿತ ಪ್ರದೇಶಗಳೊಳಗೆ ಇರುವುದು ಶೇಕಡ 5ಕ್ಕೂ ಕಡಿಮೆ. ಅಂಥ ನೆಲದ ಒಂದು ತುಣುಕು ನಮ್ಮ ಬೆಟ್ಟದಲ್ಲಿ ಮೀಸಲು ಅರಣ್ಯವೆಂಬ ಹೆಸರಿನ ಕಾವಲಿನಲ್ಲಿ ಉಳಿದಿದೆ. ಕಳ್ಳನಿಂದ ಉಳಿಸಿಕೊಂಡದ್ದನ್ನು ಕಾವಲಿನವನೇ ಗುದ್ದಲಿ ಹಿಡಿದು ಅಗೆಯಬಾರದು.

ಗಿಡ ನೆಟ್ಟು ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ, ಉದಾಹರಣೆಗಳಿವೆ. ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯಲ್ಲಿ ದಶಕಗಳ ಕಾಲ ಸರ್ಕಾರ ನೆಡಿಸಿದ ಗಿಡಗಳ ಫಲವನ್ನು ಅಳೆದ ಸಂಶೋಧಕರು 2021ರಲ್ಲಿ ತಮ್ಮ ತೀರ್ಮಾನ ಪ್ರಕಟಿಸಿದರು. ಕಾಡಿನ ಮೇಲಾವರಣ ಹೆಚ್ಚಿದ್ದಕ್ಕೂ ಜನರ ಬದುಕು ಸುಧಾರಿಸಿದ್ದಕ್ಕೂ ಅವರಿಗೆ ಪುರಾವೆ ಸಿಗಲಿಲ್ಲ. ಮಳೆ ಚೆನ್ನಾಗಿರುವ ಹಿಮಾಲಯದ ತಪ್ಪಲಿನ ಕಥೆ ಇದು. ನಮ್ಮ ಬಂಡೆಯ ಮೇಲೆ ಒಡೆದ ಉಂಡೆಯ ಕಥೆಯನ್ನು ಯಾರೂ ಅಳೆದು ಹೇಳಬೇಕಿಲ್ಲ.

ನೆಟ್ಟದ್ದು ಸತ್ತರೆ ಹಣವಷ್ಟೇ ನಷ್ಟ. ನೆಟ್ಟದ್ದು ಬದುಕಿಬಿಟ್ಟರೆ? ರಾಣೆಬೆನ್ನೂರಿಗೆ ಹೋಗಿ ಬನ್ನಿ. ಅಲ್ಲಿನ 119 ಚದರ ಕಿಲೋಮೀಟರ್ ನೆಲವನ್ನು 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಮಾಡಿದರು. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು, ಹುಲ್ಲು, ಕುರುಚಲು. ಆ ಬಯಲನ್ನು ನೀಲಗಿರಿ ನೆಡುತೋಪು ಆವರಿಸಿತು. ಎರ್ಲಡ್ಡು ಎಂದು ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೂ ಒಂದು ಕಾಲಕ್ಕೆ ಆ ಬಯಲೇ ಮನೆಯಾಗಿತ್ತು. ತೆರೆದ ಬಯಲಿನಲ್ಲಿ ದೂರ ನೋಡುತ್ತ ಬದುಕುವ ಹಕ್ಕಿ ಅದು. ಸಾಲುಮರದ ನಡುವೆ ಅದಕ್ಕೆ ಜಾಗವಿರಲಿಲ್ಲ. ಅಭಯಾರಣ್ಯದ ಬೋರ್ಡು ಉಳಿಯಿತು, ಹಕ್ಕಿ ಹೋಯಿತು. ಅಲ್ಲಿ ಯಾರೂ ಮರ ಕಡಿಯಲಿಲ್ಲ ಎಂಬುದನ್ನು ಗಮನಿಸಬೇಕು. ಮರ ನೆಟ್ಟೇ ಹಕ್ಕಿಯ ಮನೆ ಕೆಡವಿದರು.

ಆ ನೀಲಗಿರಿಯ ಕಥೆ ನಮಗೆ ದೂರದ್ದಲ್ಲ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನುವ ಮರ, ಕ್ರಮೇಣ ಮೈಸೂರಿನ ಹೆಸರನ್ನೇ ಹೊತ್ತು ‘ಮೈಸೂರ್ ಗಮ್’ ಎಂದು ದೇಶದಾದ್ಯಂತ ಹಬ್ಬಿತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಹೊಲಗಳವರೆಗೂ ಹೋಯಿತು. ಹಸಿರು ಹಸಿರು ಎಂದು ನಾವೇ ಹೊಗಳಿದ ಆ ಮರವನ್ನು ಇನ್ನು ನೆಡಬೇಡಿ ಎಂದು 2017ರಲ್ಲಿ ರಾಜ್ಯ ಸರ್ಕಾರವೇ ಆದೇಶ ಹೊರಡಿಸಬೇಕಾಯಿತು. ಅದು ಮುಗಿಯುವಷ್ಟರಲ್ಲಿ ಇನ್ನೊಂದು: ಚೆಂದದ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್. ಅಂದಕ್ಕೆ, ನೆರಳಿಗೆ ಎಂದು ನೆಟ್ಟ ಅಮೆರಿಕ ಮೂಲದ ಆ ಮರ ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಅರಣ್ಯ ಇಲಾಖೆಯ ನಿದ್ದೆ ಕೆಡಿಸಿದೆ. ಪ್ರತಿ ತಪ್ಪಿನ ಆರಂಭದಲ್ಲೂ ಒಂದು ವನಮಹೋತ್ಸವವಿತ್ತು, ಒಂದು ಫೋಟೊ ಇತ್ತು, ಒಳ್ಳೆಯ ಮನಸ್ಸಿತ್ತು.

ಚಾಮುಂಡಿ ಬೆಟ್ಟದ ನಿಜವಾದ ಶತ್ರುವೂ ಹಸಿರು ಬಣ್ಣದ್ದೇ. ಲಂಟಾನ. 1800ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದದ್ದು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದ ಹುಲಿಗಳ ಕಾಡುಗಳಲ್ಲಿ ಅದು ಆವರಿಸಿದ ನೆಲ ಸುಮಾರು 1.54 ಲಕ್ಷ ಚದರ ಕಿಲೋಮೀಟರ್. ಬೆಟ್ಟದ ರಸ್ತೆಯಂಚಿನಿಂದ ಒಳಕ್ಕೆ ನುಗ್ಗಿ, ಕಾರೆ ಕವಳೆಗಳನ್ನು ಮುಚ್ಚಿ, ಹುಲ್ಲನ್ನು ಉಸಿರುಗಟ್ಟಿಸಿ ಕೂತಿದೆ. ದೂರದಿಂದ, ಲಲಿತಮಹಲ್ ಕಡೆಯಿಂದ ನೋಡಿದರೆ ಅದೂ ಹಸಿರು. ಉಪಗ್ರಹದಿಂದ ನೋಡಿದರೂ ಹಸಿರು. ಹಸಿರು ಹೆಚ್ಚಿತೆಂದು ಹಿಗ್ಗುವವರಿಗೆ ಲಂಟಾನವೂ ಗೆಲುವಿನ ಲೆಕ್ಕಕ್ಕೇ ಬರುತ್ತದೆ. ನಾನು ಹೇಳುವುದಿಷ್ಟೇ: ಬಣ್ಣ ನೋಡಿ ಬೆಟ್ಟದ ಆರೋಗ್ಯ ಹೇಳುವುದು, ಮುಖ ಊದಿಕೊಂಡವನನ್ನು ಮೈತುಂಬಿಕೊಂಡಿದ್ದಾನೆ ಎಂದ ಹಾಗೆ.

ಈಗ ಪೂರ್ವಪಕ್ಷದ ಮೂರು ಮಾತುಗಳಿಗೆ ಮರಳುತ್ತೇನೆ.

ಬೇರು ಮಣ್ಣು ಹಿಡಿಯುತ್ತದೆ ಎಂಬುದು ಮೊದಲನೆಯದು. 2021ರ ಅಕ್ಟೋಬರಿನ ಭಾರಿ ಮಳೆಗೆ ನಂದಿಯ ಕಡೆಯ ರಸ್ತೆ ಕುಸಿದಾಗ, ನೋಡಿ ಗಿಡವಿಲ್ಲದ್ದಕ್ಕೆ ಹೀಗಾಯಿತು ಎಂದವರಿದ್ದರು. ಕುಸಿದದ್ದೇನು? ಇಳಿಜಾರನ್ನು ಕಡಿದು, ಮಣ್ಣು ತುಂಬಿ, ಮೇಲೆ ಡಾಂಬರು ಹಾಸಿದ ರಸ್ತೆಯ ಅಂಚು. 80 ಕೋಟಿ ವರ್ಷದ ಬಂಡೆ ಬೋಳಾಗಿಯೇ ನಿಂತಿತ್ತು, ಇನ್ನೂ ನಿಂತಿದೆ. ತೆಳುಮಣ್ಣನ್ನು ನಿಜವಾಗಿ ಹಿಡಿದಿರುವುದು ಹುಲ್ಲು ಮತ್ತು ಕುರುಚಲಿನ ಹೆಣೆದ ಬೇರು. ಸಸಿಗೆಂದು ಅದನ್ನೇ ಸವರಿ ಒಂದಡಿ ಗುಂಡಿ ತೋಡಿದರೆ, ಮಣ್ಣು ಸಡಿಲ ಮಾಡಿಕೊಟ್ಟವರು ನಾವೇ. ಇನ್ನು ಎರಡು ಗೇಣು ಮಣ್ಣಿನ ಮೇಲೆ ದೊಡ್ಡ ಮರ ಬೆಳೆದರೂ ಅದರ ಭಾರಕ್ಕೆ, ಗಾಳಿಗೆ ಬುಡಸಮೇತ ಮಗುಚುವ ಭಯ ಬೇರೆ.

ತಂಪು, ನೆರಳು, ಅಂತರ್ಜಲ ಎರಡನೆಯದು. ನೆರಳು ಬೇಕಾದದ್ದು ಯಾರಿಗೆ? ಬಿಸಿಲಿನಲ್ಲಿ ಬಸ್ಸಿಗೆ ಕಾಯುವ ಜನಕ್ಕೆ, ತರಕಾರಿ ಗಾಡಿ ತಳ್ಳುವವರಿಗೆ, ಶಾಲೆಯಿಂದ ನಡೆದು ಬರುವ ಮಕ್ಕಳಿಗೆ. ಅವರಿರುವುದು ಊರಿನ ಬೀದಿಯಲ್ಲಿ. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲಿಸಲೆಂದು ಹೈದರಾಲಿ ರಸ್ತೆಯ 40 ಮರಗಳನ್ನು ಉರುಳಿಸಿದ್ದನ್ನು ಈ ಊರು ಮರೆತಿಲ್ಲ. ಮರ ಕಡಿದದ್ದು ರಸ್ತೆಯಲ್ಲಿ, ಪ್ರಾಯಶ್ಚಿತ್ತದ ಗಿಡ ನೆಡುವುದು ಬೆಟ್ಟದಲ್ಲಿ ಎಂಬ ಏರ್ಪಾಡು ಯಾರಿಗೆ ಅನುಕೂಲ? ಬೆಟ್ಟದಲ್ಲಿ ನೆಟ್ಟ ಗಿಡ ರಸ್ತೆಗೆ ಅಡ್ಡ ಬರುವುದಿಲ್ಲ, ತಂತಿಗೆ ತಾಗುವುದಿಲ್ಲ, ಅಂಗಡಿಯ ಬೋರ್ಡು ಮುಚ್ಚುವುದಿಲ್ಲ. ಸತ್ತರೂ ಯಾರಿಗೂ ಕಾಣುವುದಿಲ್ಲ. ಬೆಟ್ಟವನ್ನು ನಗರದ ಪಾಪ ತೊಳೆಯುವ ಹೊಂಡ ಮಾಡಿಕೊಂಡಿದ್ದೇವೆ. ನೀರಿನ ಮಾತಿಗೆ ಉತ್ತರ ಆಗಲೇ ಹೇಳಿದೆ: ಆ ಬಂಡೆಯೇ ನೀರು ಕೊಡುವುದು.

ಹಳೆಯ ಫೋಟೊ ಮೂರನೆಯದು. ಅಂದು ಬೆಟ್ಟ ಇಂದಿಗಿಂತ ತೆರವಾಗಿತ್ತು, ಒಪ್ಪಿದೆ. ಸೌದೆಗೆ ಕಡಿಯುತ್ತಿದ್ದರು, ದನ ಮೇಯುತ್ತಿದ್ದವು, ಬೆಂಕಿ ಬೀಳುತ್ತಿತ್ತು. ಅದು ಆದರ್ಶವಲ್ಲ, ಆ ಫೋಟೊಗೆ ಮರಳೋಣ ಎಂದು ನಾನು ಹೇಳುತ್ತಿಲ್ಲ. ಆದರೆ ಸೌದೆಯ ಬದಲು ಗ್ಯಾಸು ಬಂದು, ಕೊಡಲಿ ನಿಂತು, ಕಾವಲು ಬಿಗಿಯಾದ ಮೇಲೆ ಕಾರೆಯೂ ದಿಂಡಿಗವೂ ತಮ್ಮ ಹಳೆಯ ಬುಡಗಳಿಂದ ತಾವಾಗಿ ಚಿಗುರುತ್ತವೆ. ಕಡಿದ ಬುಡದಿಂದ ಮತ್ತೆ ಏಳುವುದು ಒಣಕಾಡಿನ ಮರಗಳ ಹುಟ್ಟುಗುಣ. ಕಾವಲಿನಿಂದ ಬಂದ ಹಸಿರಿನ ಕೀರ್ತಿಯನ್ನೂ ಗುದ್ದಲಿಗೇ ಕೊಡುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪ ಇದೆ, ಅದು ಗಂಭೀರವಾದದ್ದು: ಹಾಗೇ ಬಿಟ್ಟರೆ ಬೇಸಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳುತ್ತದಲ್ಲ? ಬೀಳುತ್ತದೆ. 2025ರ ಫೆಬ್ರುವರಿಯಲ್ಲೂ ಬಿತ್ತು. ಇಲ್ಲಿನ ಬೇಸಗೆಯ ಬೆಂಕಿ ಮನುಷ್ಯನ ಕೈಯಿಂದಲೇ ಹತ್ತುವುದು, ಬೀಡಿಯಿಂದಲೋ ಕಸ ಸುಟ್ಟದ್ದರಿಂದಲೋ. ಅದಕ್ಕೆ ಬೇಕಾದದ್ದು ಬೆಂಕಿರೇಖೆ, ಕಾವಲುಗಾರ, ದಂಡ. ಗಿಡ ನೆಟ್ಟರೆ ಬೆಂಕಿ ನಿಲ್ಲುವುದಿಲ್ಲ, ಸುಡಲು ಇನ್ನಷ್ಟು ಸಿಗುತ್ತದೆ ಅಷ್ಟೆ. ಒಣಗಿದ ಲಂಟಾನದ ಪೊದೆಯಂತೂ ನೆಲದ ಬೆಂಕಿಯನ್ನು ಮರದ ತಲೆಗೆ ಏರಿಸುವ ಏಣಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ವರ್ಷದ ಆರಂಭದಲ್ಲೇ ‘ತರಗು ಬೆಂಕಿ’ ಎಂಬ ತೆಳುಬೆಂಕಿ ಹಾಕಿ ತರಗೆಲೆ ಸುಡುತ್ತಿದ್ದರು. ಅಭಯಾರಣ್ಯದ ಕಾನೂನು ಅದನ್ನು ನಿಲ್ಲಿಸಿತು. ಆಮೇಲೆ ಲಂಟಾನ ಹೆಚ್ಚಿತು, ದೊಡ್ಡ ಬೆಂಕಿ ಬರತೊಡಗಿತು ಎಂಬ ಅವರ ಮಾತನ್ನು ಸಂಶೋಧಕರು ದಾಖಲಿಸಿದ್ದಾರೆ. ಊರಿಗೆ ಅಂಟಿಕೊಂಡ ಚಾಮುಂಡಿ ಬೆಟ್ಟಕ್ಕೆ ಬೆಂಕಿ ಹಾಕಿ ಎಂದು ಇದರರ್ಥವಲ್ಲ. ಕಾಡಿನ ಗುಣ ತಿಳಿಯದೆ ಮೇಲಿನಿಂದ ಹೇರಿದ ಒಂದೇ ಮದ್ದು, ಅದು ಬೆಂಕಿ ಬೇಡ ಎಂಬುದಾಗಲಿ ಗಿಡ ನೆಡಿ ಎಂಬುದಾಗಲಿ, ಗಿಡಗಳ ಹಂಚಿಕೆಯನ್ನೇ ಬುಡಮೇಲು ಮಾಡುತ್ತದೆ ಎಂಬುದು ಅಲ್ಲಿಂದ ಕಲಿಯಬೇಕಾದ ಪಾಠ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಕೆಲಸ ಬೇಕಾದಷ್ಟಿದೆ, ಫೋಟೊಗೆ ಸಿಗುವಂಥದ್ದು ಮಾತ್ರ ಕಡಿಮೆ.

ಮೊದಲ ಕೆಲಸ ನಕ್ಷೆ. ಯಾವ ಗಿಡ, ಯಾವ ಮಗ್ಗುಲಿನಲ್ಲಿ, ಎಷ್ಟು ಮಣ್ಣಿನಲ್ಲಿ, ಯಾವುದರ ಜೊತೆಗೆ? ಅಡಿಪಾಯ ಹೊಸದಾಗಿ ಹಾಕಬೇಕಾಗಿಲ್ಲ. ಆರ್. ರಾಘವೇಂದ್ರ ರಾವ್ ಮತ್ತು ಬಿ. ಎ. ರಾಜಿ 1981ರಲ್ಲೇ ಮೈಸೂರು ಜಿಲ್ಲೆಯ ಸಸ್ಯಗಳ ಸಮಗ್ರ ಗ್ರಂಥ ಹೊರತಂದರು. ಅಂದಿನ ಜಿಲ್ಲೆಯಲ್ಲಿ ಇಂದಿನ ಚಾಮರಾಜನಗರವೂ ಇತ್ತು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ ವಿಭಾಗವಿದೆ. ಕಾರಂಜಿ ಕೆರೆಯ ಪಕ್ಕದಲ್ಲಿ 1995ರಿಂದ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯವಿದೆ. ಎಲ್ಲಕ್ಕಿಂತ ಮಿಗಿಲಾಗಿ ಸಾವಿರ ಮೆಟ್ಟಿಲುಗಳಿವೆ. ಪಾದದಿಂದ ನೆತ್ತಿಯವರೆಗೆ ಇಂಥ ಸಿದ್ಧ ಅಳತೆಪಟ್ಟಿ ಯಾವ ಊರಿನ ಸಸ್ಯಶಾಸ್ತ್ರಜ್ಞನಿಗೆ ಸಿಕ್ಕೀತು? ಐವತ್ತು ಮೆಟ್ಟಿಲಿಗೊಮ್ಮೆ ನಿಂತು ಎಡಬಲದ ಗಿಡಗಳನ್ನು ಬರೆದುಕೊಳ್ಳಲಿ. ವರ್ಷಕ್ಕೆ ಎರಡು ಸಲ, ಅಕ್ಟೋಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ. ಹತ್ತು ವರ್ಷ ಬರೆದರೆ ಬೆಟ್ಟ ಯಾವ ಕಡೆ ವಾಲುತ್ತಿದೆಯೆಂದು ಊಹಿಸಬೇಕಾಗುವುದಿಲ್ಲ. ‘ಹಸಿರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿ ಕನ್ನಡಿಗರಿಗೆ ಕಲಿಸಲು ಹೊರಟದ್ದು ಇದನ್ನೇ: ಗಿಡವನ್ನು ಅದು ನಿಂತ ಜಾಗದಲ್ಲಿ ನೋಡುವುದನ್ನು. ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಪಾಠ ಮಾತ್ರ ತಲೆಗೆ ಹತ್ತಲಿಲ್ಲ.

ಎರಡನೆಯದು ಲಂಟಾನ. ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ. ನೆಲದ ಕೆಳಗೆ ಬೇರಿನ ಬುಡ ಕತ್ತರಿಸಿ ಪೊದೆಯನ್ನು ತಲೆಕೆಳಗು ಮಾಡಬೇಕು. ಹಕ್ಕಿ ತಂದ ಬೀಜ ಮತ್ತೆ ಮೊಳೆಯುತ್ತದೆ, ಮತ್ತೆ ಕೀಳಬೇಕು, ಮೂರು ನಾಲ್ಕು ವರ್ಷ ಬಿಡದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಆಳೆತ್ತರದ ಆನೆಗಳನ್ನೇ ಮಾಡಿ ಬದುಕು ಕಟ್ಟಿಕೊಂಡಿದ್ದಾರೆ. ಬೆಟ್ಟಕ್ಕೆ ಬರುವ ಟೀ ಶರ್ಟಿನ ಗೆಳೆಯರು ಬೀಜದುಂಡೆ ಬಿಟ್ಟು ಲಂಟಾನ ಕೀಳಲಿ. ಕೈಗೆ ಮುಳ್ಳು ತರಚುತ್ತದೆ, ಬೆವರು ಇಳಿಯುತ್ತದೆ. ಬೆಟ್ಟಕ್ಕೆ ಮಾತ್ರ ಉಪಕಾರವಾಗುತ್ತದೆ.

ಮೂರನೆಯದು ಉಳಿಸಿಕೊಳ್ಳುವುದು. ಮೈಸೂರಿನ ಮನೆಗಳಲ್ಲಿ ಮಾಕಳಿ ಬೇರಿನ ಉಪ್ಪಿನಕಾಯಿ ಗೊತ್ತಿಲ್ಲದವರುಂಟೇ? ಊರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಅದರ ಪರಿಮಳದ ಮೇಲೆ, ಸಸಿ ಮಾಡುವ ವಿಧಾನದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆ ಬಳ್ಳಿ ಬೆಳೆಯುವುದು ಒಣಬೆಟ್ಟಗಳ ಬಂಡೆ ಸಂದಿಯಲ್ಲಿ. ಬೇರಿಗಾಗಿ ಬುಡವನ್ನೇ ಅಗೆಯುವುದರಿಂದ ಕಾಡಿನಲ್ಲಿ ಅಪರೂಪವಾಗುತ್ತಿದೆ. ನಾವು ಪಾಳು ಎಂದ ನೆಲದಿಂದಲೇ ಊಟದೆಲೆಯ ಮೇಲುತುದಿಗೆ ಬಂದು ಕೂತ ಗಿಡ ಅದು. ಬಂಡೆಯ ಸಂದಿಯನ್ನು ಸಂದಿಯಾಗಿಯೇ ಬಿಟ್ಟರೆ ಇಂಥವು ಉಳಿದಾವು.

ನೆಡಲೇಬೇಕೆಂದರೆ ಎಲ್ಲಿ? ಲಂಟಾನ ಕಿತ್ತ ಕೊರಕಲಿನಲ್ಲಿ, ರಸ್ತೆ ಕೆಲಸಕ್ಕೆ ಕೆದಕಿದ ಅಂಚಿನಲ್ಲಿ, ಇದೇ ಬೆಟ್ಟದ ಬೀಜದಿಂದ, ನಕ್ಷೆ ಹೇಳಿದ ಜಾತಿಯನ್ನು, ಎರಡು ಬೇಸಗೆ ನೀರುಣಿಸುವ ಮಾತು ಕೊಟ್ಟು. ಬಂಡೆಯ ಮೇಲೆ ಬೇಡ, ಹುಲ್ಲಿನಲ್ಲಿ ಬೇಡ, ಕಾರೆ ಕವಳೆ ಸವರಿ ಬೇಡವೇ ಬೇಡ. ಉಳಿದ ಸಾವಿರ ಸಸಿಗಳಿಗೆ ಊರಿನ ಬೀದಿಗಳು ಕಾದಿವೆ.

ಈ ಜೂನ್‌ನಲ್ಲಿ ಬೆಟ್ಟಕ್ಕೆ ಬರುವವರಲ್ಲಿ ನನ್ನದೊಂದು ವಿನಂತಿ. ಗುದ್ದಲಿಯನ್ನು ಮನೆಯಲ್ಲೇ ಬಿಟ್ಟು, ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ತನ್ನಿ. ಮೆಟ್ಟಿಲ ಪಕ್ಕದ ಹತ್ತು ಗಿಡಗಳ ಹೆಸರು ಬರೆದುಕೊಳ್ಳಿ. ಗೊತ್ತಾಗದಿದ್ದರೆ ಹರಕೆ ಹೊತ್ತು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿರುವ ಹಳ್ಳಿಯ ಅಜ್ಜಿಯನ್ನು ಕೇಳಿ. ಕಾರೆ ಯಾವುದು, ಕವಳೆ ಯಾವುದು, ತಂಗಡಿ ಯಾವುದು ಎಂದು ಆಕೆ ತೋರಿಸಿಯಾಳು. ಆ ಹತ್ತರ ಹೆಸರು ನಿಮಗೆ ಬಾಯಿಗೆ ಬಂದ ಮೇಲೆ, ಹನ್ನೊಂದನೆಯದನ್ನು ನೆಡಬೇಕೋ ಬೇಡವೋ ಎಂದು ಕೂತು ಮಾತಾಡೋಣ.